ಗ್ರೆನಡಾದ ಇನ್ನೊಂದು ಮಗ್ಗುಲು

ಹಾಯಿದೋಣಿಯಲ್ಲಿ ಕೆರಿಬಿಯನ್ ಸುತ್ತುವವರಿಗೆ ಅಲ್ಲಿನ ದ್ವೀಪಗಳ ಪಶ್ಚಿಮ ಮಗ್ಗುಲು ಚೆನ್ನಾಗಿ ಗೊತ್ತು, ಪೂರ್ವ ಮಗ್ಗುಲು ಗೊತ್ತೇ ಇರುವುದಿಲ್ಲ. ಅದು ಗಾಳಿ ಮಾಡಿದ ಕಟ್ಟಳೆ. ವಾಣಿಜ್ಯ ಮಾರುತ ಬೀಸುವುದು ಪೂರ್ವದಿಂದ, ಈಶಾನ್ಯದಿಂದ. ಅಟ್ಲಾಂಟಿಕ್‌ನ ಅಲೆಗಳೆಲ್ಲ ಬಂದು ಬಡಿಯುವುದು ಆ ದಂಡೆಗೇ. ನೆಮ್ಮದಿಯಾಗಿ ಲಂಗರು ಹಾಕಬೇಕಾದರೆ ಗುಡ್ಡಗಳ ಮರೆಗೇ ಬರಬೇಕು. ಅದಕ್ಕೇ ಗ್ರೆನಡಾಕ್ಕೆ ಹೊರಟವರಿಗೆ ನಾನು ಹೇಳುವುದಿಷ್ಟು: ಒಂದು ದಿನ ದೋಣಿ ಬಿಟ್ಟು ಕಾರು ಹಿಡಿಯಿರಿ. ಜಲಪಾತಗಳ ಪಟ್ಟಿ ಇಟ್ಟುಕೊಂಡು ಅಲೆಯಬೇಡಿ, ಆಚೆ ದಂಡೆಗೆ ಹೋಗಿ.

ದ್ವೀಪದ ಉದ್ದ ಸುಮಾರು 34 ಕಿ.ಮೀ. ಅಷ್ಟೇ. ಆದರೂ ಇಡೀ ದಿನ ಬೇಕು. ಸಂಚಾರ ನಮ್ಮಲ್ಲಿಯಂತೆ ಎಡಬದಿಗೇ ಇರುವುದರಿಂದ ಕೈ ತಡವರಿಸುವುದಿಲ್ಲ. ಎಚ್ಚರ ಬೇಕಾದದ್ದು ರಸ್ತೆಯಂಚಿನ ಬಗ್ಗೆ. ಟಾರು ಮುಗಿದಲ್ಲೇ ಆಳವಾದ ಕಾಂಕ್ರೀಟ್ ಚರಂಡಿ. ಎದುರಿಗೆ ಮಿನಿಬಸ್ ಬಂದರೆ ಸರಿಯಲು ಜಾಗವಿಲ್ಲ. ತಿರುವಿನಲ್ಲಿ ಹಾರ್ನ್ ಮಾಡಲು ಸಂಕೋಚಪಡಬೇಡಿ, ಅಲ್ಲಿ ಎಲ್ಲರೂ ಮಾಡುತ್ತಾರೆ.

ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಪಶ್ಚಿಮ ಕರಾವಳಿ ಹಿಡಿದು ಉತ್ತರಕ್ಕೆ ಹೊರಟರೆ ಗ್ವಾವ್ ಸಿಗುತ್ತದೆ. ಮೀನುಗಾರರ ಊರು, ಜಾಯಿಕಾಯಿ ಸಂಸ್ಕರಣೆಯ ಊರು. ಗ್ರೆನಡಾದ ಬಾವುಟದಲ್ಲೂ ಜಾಯಿಕಾಯಿಯ ಚಿತ್ರವಿದೆ. ಇಲ್ಲಿನ ಹಳೆಯ ಕಟ್ಟಡದಲ್ಲಿ ಮರದ ಹಲಗೆಗಳ ಮೇಲೆ ಕಾಯಿ ವಾರಗಟ್ಟಲೆ ಒಣಗುತ್ತದೆ. ಓಡು ತೆಗೆದ ಬೀಜವನ್ನು ನೀರಿಗೆ ಹಾಕುತ್ತಾರೆ: ಮುಳುಗಿದ್ದು ಒಳ್ಳೆಯ ಮಾಲು, ತೇಲಿದ್ದು ಕೆಳದರ್ಜೆ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ ದ್ವೀಪದ ಜಾಯಿಕಾಯಿ ಮರಗಳಲ್ಲಿ ಬಹುಪಾಲನ್ನು ಉರುಳಿಸಿಹಾಕಿತು. ಗಿಡ ನೆಟ್ಟು ಫಸಲಿಗಾಗಿ ವರ್ಷಗಟ್ಟಲೆ ಕಾಯುವುದು ಎಂದರೇನೆಂದು, ಅಡಿಕೆ ತೋಟದ ನಡುವೆ ಜಾಯಿಕಾಯಿ ಹಾಕಿದ ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಉತ್ತರದ ತುದಿ ಸುತ್ತಿ ಪೂರ್ವಕ್ಕೆ ತಿರುಗುತ್ತಿದ್ದಂತೆ ಸಮುದ್ರದ ಬಣ್ಣವೇ ಬೇರೆ. ಗಾಳಿಗೆ ಮೈಯೊಡ್ಡಿದ ಗಿಡಗಳು ಒಂದೇ ಕಡೆಗೆ ವಾಲಿವೆ. ಇಲ್ಲಿರುವ ರಿವರ್ ಆಂಟ್ವಾನ್ ರಮ್ ಭಟ್ಟಿಗಾಗಿಯೇ ಇಷ್ಟು ದೂರ ಬರಬಹುದು. 1785ರಿಂದ ನಡೆಯುತ್ತಿರುವ ಈ ಭಟ್ಟಿಯಲ್ಲಿ ಕಬ್ಬಿನ ಗಾಣವನ್ನು ತಿರುಗಿಸುವುದು ಇಂದಿಗೂ ನೀರಿನ ಚಕ್ರ. ಹಿಂಡಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಒಡ್ಡುತ್ತಾರೆ. ಕುದಿಯುವ ಕಬ್ಬಿನ ಹಾಲನ್ನು ಉದ್ದ ಹಿಡಿಯ ಸೌಟಿನಿಂದ ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಹೊಯ್ಯುತ್ತಾರೆ. ಮಂಡ್ಯದ ಆಲೆಮನೆಯಲ್ಲಿ ನಿಂತವರಿಗೆ ಆ ವಾಸನೆ ಥಟ್ಟನೆ ಗುರುತು ಸಿಗುತ್ತದೆ. ವ್ಯತ್ಯಾಸ ಆಮೇಲಿನದು: ಆ ಹಾಲು ಇಲ್ಲಿ ಬೆಲ್ಲವಾಗುವುದಿಲ್ಲ, ತೊಟ್ಟಿಯಲ್ಲಿ ತಾನಾಗಿ ಹುಳಿತು ಭಟ್ಟಿಗೆ ಹೋಗುತ್ತದೆ. ಇಲ್ಲಿನ ಗಟ್ಟಿ ರಮ್‌ನಲ್ಲಿ ಶೇ. 75ರಷ್ಟು ಆಲ್ಕೋಹಾಲ್ ಇರುವುದರಿಂದ ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಪ್ರವಾಸಿಗರಿಗೆಂದೇ ಶೇ. 69ರದ್ದು ಸಿದ್ಧವಾಗಿರುತ್ತದೆ. ಸ್ಟೀರಿಂಗ್ ಹಿಡಿದವರು ಅಲ್ಲಿ ರುಚಿ ನೋಡಲೇಬಾರದು. ಸೀಸೆ ಕೊಂಡು ದೋಣಿಗೆ ತನ್ನಿ, ಲಂಗರು ಹಾಕಿದ ಮೇಲೆ ತೆರೆದರಾಯಿತು.

ಅಲ್ಲಿಂದ ದಕ್ಷಿಣಕ್ಕೆ ಪರ್ಲ್ಸ್ ಎಂಬ ಹಳೆಯ ವಿಮಾನ ನಿಲ್ದಾಣ. 1983ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇನೆ ಇಲ್ಲಿಗೆ ನುಗ್ಗಿತು. ಆಗ ನಿಂತಲ್ಲೇ ಉಳಿದ ಸೋವಿಯತ್ ನಿರ್ಮಿತ ವಿಮಾನಗಳು ಹುಲ್ಲಿನ ನಡುವೆ ತುಕ್ಕು ಹಿಡಿದಿವೆ. ರನ್‌ವೇಯ ಮೇಲೆ ಈಗ ಕಾರು ಓಡಿಸಬಹುದು. ಟಿಕೆಟ್ಟಿಲ್ಲ, ಬೇಲಿಯಿಲ್ಲ. ಶೀತಲ ಸಮರ ಈ ಪುಟ್ಟ ದ್ವೀಪದಲ್ಲಿ ಬಿಟ್ಟುಹೋದ ಗುರುತನ್ನು ಇಷ್ಟು ಹತ್ತಿರದಿಂದ ಮುಟ್ಟಿ ನೋಡುವ ಅವಕಾಶ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ವಾಪಸಾಗುವಾಗ ಕರಾವಳಿ ಬೇಡ, ಗ್ರಾಂಡ್ ಎಟಾಂಗ್ ಘಾಟಿ ಏರಿ. ಸಮುದ್ರಮಟ್ಟದಿಂದ 1,700 ಅಡಿಗೂ ಮೇಲೆ, ಜ್ವಾಲಾಮುಖಿಯ ಬಾಯಲ್ಲಿ ತುಂಬಿನಿಂತ ಕೆರೆಯಿದೆ. ಕೆಳಗೆ ಬಿಸಿಲಿದ್ದರೂ ಇಲ್ಲಿ ಮಳೆ. ಪೂರ್ವದ ಗಾಳಿ ಹೊತ್ತು ತಂದ ಮೋಡವೆಲ್ಲ ಈ ಬೆಟ್ಟಕ್ಕೆ ತಾಗಿ ಸುರಿಯುತ್ತದೆ. ದೋಣಿ ನಿಂತ ಕೊಲ್ಲಿ ಏಕೆ ಅಷ್ಟು ಒಣಗಿ, ಅಷ್ಟು ಶಾಂತವಾಗಿದೆಯೆಂದು ಇಲ್ಲಿ ನಿಂತಾಗಲೇ ಅರ್ಥವಾಗುವುದು. ಆದರೆ ಹೆಚ್ಚು ಹೊತ್ತು ನಿಲ್ಲಬೇಡಿ. ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗಿ ಬೇಗನೆ ಕತ್ತಲಾಗುತ್ತದೆ. ಇಳಿಜಾರಿನ ತಿರುವುಗಳಲ್ಲಿ ಆ ಚರಂಡಿ ಆಮೇಲೆ ಕಣ್ಣಿಗೆ ಬೀಳುವುದಿಲ್ಲ.