ವೀಣೆ ಬಂದರೆ ಯಾರು ಹೋದರು?

ನಮ್ಮೂರಲ್ಲಿ ಹೊತ್ತಲ್ಲದ ಹೊತ್ತಲ್ಲಿ ರೇಡಿಯೋದಲ್ಲಿ ವೀಣೆ ಬಂದರೆ ಅಜ್ಜಿ ಕೇಳೋರು: "ಯಾರಪ್ಪಾ ಹೋದ್ರು?" ದೊಡ್ಡ ನಾಯಕರು ತೀರಿಕೊಂಡರೆ ಆಕಾಶವಾಣಿಯವರು ಸಿನಿಮಾ ಹಾಡು ನಿಲ್ಲಿಸಿ ವಾದ್ಯಸಂಗೀತ ಹಾಕುತ್ತಿದ್ದರಲ್ಲ, ಅದಕ್ಕೆ. ವೀಣೆ ಅಂದರೆ ಸೂತಕ ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ. ಆ ಸೂತಕ ಕಳೆದದ್ದು ಬೆಂಗಳೂರಿಗೆ ಬಂದ ಮೇಲೆ, ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರ ಧ್ವನಿಮುದ್ರಣ ಕೇಳಿ.

ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಮೈಸೂರಲ್ಲಿ ವೆಂಕಟಗಿರಿಯಪ್ಪನವರ ಹತ್ತಿರ ಕಲಿತು, ಬೆಂಗಳೂರು ಆಕಾಶವಾಣಿಯಲ್ಲಿ ಸಂಗೀತದ ಹೊಣೆ ಹೊತ್ತವರು. 1983ರಲ್ಲಿ ಪದ್ಮಭೂಷಣ, 1984ರಲ್ಲಿ ಮದರಾಸಿನ ಸಂಗೀತ ಕಲಾನಿಧಿ. ಬಸವನಗುಡಿ, ಚಾಮರಾಜಪೇಟೆಯ ಹಳೇ ರಸಿಕರನ್ನ ಕೇಳಿ ನೋಡಿ, ಅವರ ಕಚೇರಿಗಳ ಬಗ್ಗೆ ಗಂಟೆಗಟ್ಟಲೆ ಹೇಳ್ತಾರೆ. ರೇಡಿಯೋ ಕೆಲಸದ ಮಾತು ಬಂದರೆ "ಅದು ನೌಕರಿ" ಅಂತ ಮುಗಿಸಿಬಿಡ್ತಾರೆ. ಪಾಠ ಹೇಳಿದ್ದು "ಸೇವೆ". ನನಗೆ ಈ ಲೆಕ್ಕ ಒಪ್ಪಿಗೆ ಇಲ್ಲ. ಕಚೇರಿ, ರೇಡಿಯೋ, ಪಾಠ ಮೂರರಲ್ಲೂ ಅವರು ಮಾಡಿದ್ದು ಒಂದೇ ಕೆಲಸ: ಪಕ್ಕದ ಸ್ವರಕ್ಕೆ ಜಾಗ ಬಿಡೋದು.

ಮೈಸೂರು ಬಾನಿಯಲ್ಲಿ ಮೀಟು ಮುಖ್ಯ. ಎಡಗೈಯ ತೋರುಬೆರಳು, ನಡುಬೆರಳು ಬೇರೆ ಬೇರೆಯಾಗಿ ಓಡಾಡುತ್ತವೆ. ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ ಕೇಳುತ್ತೆ. ಈ ಪರಂಪರೆಯ ಹಿರಿಯರಾದ ವೀಣೆ ಶೇಷಣ್ಣನವರು ಪಿಯಾನೋ ಕೂಡ ನುಡಿಸುತ್ತಿದ್ದರು. ಬಾನಿ ಪಿಯಾನೋದಿಂದ ಬಂತು ಅಂತ ನಾನು ಹೇಳ್ತಿಲ್ಲ. ಆದರೆ ಎರಡರಲ್ಲೂ ಒಂದು ಸಮಾನ ಗುಣ ಇದೆ: ಮೀಟಿದ ಕ್ಷಣದಿಂದಲೇ ನಾದ ಕರಗೋಕೆ ಶುರುವಾಗುತ್ತೆ. ಮುಂದಿನ ಸ್ವರ ಯಾವಾಗ ಬರಬೇಕು ಅನ್ನೋದರಲ್ಲೇ ಕಲೆ ಇರೋದು. ದೊರೆಸ್ವಾಮಿ ಅಯ್ಯಂಗಾರರ ತಾನ ಕೇಳಿದರೆ ಇದು ಗೊತ್ತಾಗುತ್ತೆ. ಅವಸರ ಇಲ್ಲ, ಆದರೆ ಎಲ್ಲೂ ನಿಲ್ಲೋದಿಲ್ಲ.

ಚೌಡಯ್ಯನವರ ಏಳು ತಂತಿಯ ಪಿಟೀಲಿನ ಜೊತೆ ಅವರು ಜೋಡಿ ಕಚೇರಿ ಮಾಡಿದ್ದರು. ಆ ಪಿಟೀಲು ಹುಟ್ಟಿದ್ದೇ ದೊಡ್ಡ ದನಿಗೋಸ್ಕರ. ಅದರ ಮುಂದೆ ವೀಣೆ ಕೂಗೋಕೆ ಹೋದರೆ ಸೋತಂತೆಯೇ. ಜೊತೆಯವರ ದನಿ ಕೇಳಿಸಿಕೊಂಡು ತನ್ನ ಹೊತ್ತಿಗೆ ಮಾತಾಡೋನು ಮಾತ್ರ ಅಲ್ಲಿ ಉಳೀತಾನೆ. ಪು.ತಿ.ನ. ಅವರ ಗೇಯರೂಪಕಗಳಿಗೆ ಸಂಗೀತ ಕೂಡಿಸಲು ಬೇಕಾಗಿದ್ದೂ ಇದೇ ಗುಣ. ಅಲ್ಲಿ ವಾದ್ಯ ಮಾತನ್ನ ನುಂಗಬಾರದು, ಮಾತಿನ ಹಿಂದೆ ಬಾಲದ ಹಾಗೆ ಅಲೆಯಲೂಬಾರದು. 1966ರಲ್ಲಿ 'ಸುಬ್ಬಾಶಾಸ್ತ್ರಿ' ಚಿತ್ರಕ್ಕೂ ಸಂಗೀತ ಕೊಟ್ಟರು. ಮಗ ಡಿ. ಬಾಲಕೃಷ್ಣ ಅವರ ವೀಣೆಯಲ್ಲೂ ಈ ಜಾಗ ಬಿಡುವ ಪಾಠ ಕೇಳಿಸುತ್ತೆ.

ನನ್ನದೊಂದು ತಕರಾರೂ ಇದೆ. ತೋಡಿ, ಭೈರವಿಯಂಥ ರಾಗಗಳಲ್ಲಿ ಸ್ವರವನ್ನ ಇನ್ನೂ ಸ್ವಲ್ಪ ಜಗ್ಗಲಿ, ಒದ್ದಾಡಿಸಲಿ ಅಂತ ನನ್ನ ಕಿವಿ ಕಾಯುತ್ತೆ. ಅವರು ಅಷ್ಟರಲ್ಲಿ ಸಭ್ಯವಾಗಿ ಮುಂದೆ ಹೋಗಿಬಿಟ್ಟಿರುತ್ತಾರೆ. ಸಂಯಮಕ್ಕೂ ಒಂದು ಬೆಲೆ ತೆರಬೇಕಾಗುತ್ತೆ.

ಆದರೆ ದೊಡ್ಡ ತಕರಾರು ನಮ್ಮ ಮೇಲೆ, ಕೇಳುವವರ ಮೇಲೆ. ವೇದಿಕೆ ನಡುವೆ ಒಬ್ಬರೇ ಕೂತು ನುಡಿಸಿದರೆ ವಿದ್ವಾಂಸ. ಹತ್ತು ಜನರನ್ನ ಕೂಡಿಸಿ ನುಡಿಸಿದರೆ ಸಿಬ್ಬಂದಿ. ಹಾಗಾಗಿಯೇ ಅವರ ಶತಮಾನೋತ್ಸವದ ವರ್ಷ ದಾಟಿದ ಮೇಲೂ ನನ್ನ ಓರಗೆಯವರಿಗೆ ರೂಪಕಗಳ ಹೆಸರೇ ಗೊತ್ತಿಲ್ಲ. ಚಾಮರಾಜಪೇಟೆಯ ರಾಮೋತ್ಸವದಲ್ಲಿ ವಾರಗಟ್ಟಲೆ ಕಚೇರಿ ನಡೆಯುತ್ತೆ. ಅದರಲ್ಲಿ ಒಂದು ಸಂಜೆ 'ಹಂಸ ದಮಯಂತಿ' ಆಡಿಸಿದರೆ ಏನು ಗಂಟು ಹೋಗುತ್ತೆ? ಮೈಕಿನ ಸದ್ದು ಸ್ವಲ್ಪ ತಗ್ಗಿಸಿ, ಸಾಕು. ಯಾರೂ ಹೋಗಿಲ್ಲ ಅಂತ ಜನಕ್ಕೆ ಗೊತ್ತಾಗುತ್ತೆ.