ಕೊಡಗಿನ ಪಾಟ್‌ಗಳೂ ಸಮಗ್ರ ಶ್ರವಣವೂ

ಹಾಡುಗಳ ಗುಚ್ಛವೊಂದನ್ನು ಮೊದಲಿನಿಂದ ಕಡೆಯವರೆಗೆ ಒಂದನ್ನೂ ಬಿಡದೆ ಕೇಳತಕ್ಕುದೋ, ಸೊಗಸಾದುವನ್ನು ಆರಿಸಿಕೊಂಡು ಉಳಿದುವನ್ನು ದಾಟಿಹೋಗತಕ್ಕುದೋ ಎಂಬ ವಿಚಾರವು ಧ್ವನಿಮುದ್ರಣದೊಡನೆ ಹುಟ್ಟಿದುದೆಂದು ಮೇಲುನೋಟಕ್ಕೆ ತೋರುವುದು. ಗ್ರಾಮಫೋನಿನ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷಗಳ ಗಾನವಷ್ಟೇ ಹಿಡಿಯುತ್ತಿತ್ತು. ಅದಕ್ಕಿಂತ ದೀರ್ಘವಾದ ಕೃತಿಯನ್ನು ಹಲವು ತಟ್ಟೆಗಳಲ್ಲಿ ಹಂಚಿ, ಭಾವಚಿತ್ರಗಳ ಪುಸ್ತಕದಂತೆ ಕಟ್ಟಿದ ಹೊದಿಕೆಯಲ್ಲಿಟ್ಟು ಮಾರುತ್ತಿದ್ದುದರಿಂದಲೇ ‘ಆಲ್ಬಮ್’ ಎಂಬ ಹೆಸರು ಸಂಗೀತಕ್ಕೆ ಬಂದಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ದೀರ್ಘಕಾಲ ನುಡಿಯುವ ತಟ್ಟೆಯನ್ನು ಹೊರತಂದ ಮೇಲೆ ಮಗ್ಗುಲಿಗೆ 20 ನಿಮಿಷಕ್ಕೂ ಮೀರಿದ ಅವಕಾಶ ದೊರೆತು, ಹಾಡುಗಳನ್ನು ಅನುಕ್ರಮವಾಗಿ ಜೋಡಿಸುವುದೇ ಒಂದು ಕಲೆಯಾಗಿ ಬೆಳೆಯಿತು. ಆದರೆ ಈ ವಿಚಾರವು ತಟ್ಟೆಗಳಿಗಿಂತ ಬಹು ಹಳೆಯದು. ಹಾಡನ್ನು ಕರ್ಮದ ಅಂಗವಾಗಿ ಬಳಸುವ ಜನರಲ್ಲಿ, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಬರಿಯ ರುಚಿಯ ಮಾತಲ್ಲ, ಅರ್ಥನಿರ್ಣಯದ ಮಾತು. ಇದನ್ನು ಪರೀಕ್ಷಿಸಲು ಕೊಡಗಿನ ಪಾಟ್‌ಗಳಿಗಿಂತ ತಕ್ಕ ನಿದರ್ಶನ ಕನ್ನಡ ನಾಡಿನಲ್ಲಿ ವಿರಳ.

ಈ ಹಾಡುಗಳು ವಿದ್ವಾಂಸರ ಗಮನಕ್ಕೆ ಬಂದುದು ಇಂದುನಿನ್ನೆಯಲ್ಲ. 1870ರಲ್ಲಿಯೇ ಗ್ರೇಟರ್ ಎಂಬ ಪಾದ್ರಿಯು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕೊಡವ ಹಾಡುಗಳ ಒಂದು ಚಿಕ್ಕ ಸಂಗ್ರಹವನ್ನು ವ್ಯಾಕರಣದ ರೂಪರೇಖೆಯೊಡನೆ ಪ್ರಕಟಿಸಿದನು. ಆದರೆ ಈ ವಾಙ್ಮಯದ ನಿಜವಾದ ಭಂಡಾರವು ತೆರೆದುದು 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪನವರ (1875–1931) ‘ಪಟ್ಟೋಲೆ ಪಳಮೆ’ಯಿಂದ. ಕೊಡವ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚಿಸಿದ ಈ ಗ್ರಂಥದಲ್ಲಿ ಹಬ್ಬ, ಮದುವೆ, ಮರಣ, ದೈವ, ವೀರರು ಇವುಗಳನ್ನು ಕುರಿತ ಹಾಡುಗಳೂ ಗಾದೆ ಒಗಟುಗಳೂ ಸೇರಿವೆ. ಸಂಗ್ರಹಕಾರರು ಹಾಡನ್ನು ಆಚಾರದಿಂದ ಬೇರ್ಪಡಿಸದೆ, ಪದ್ಧತಿಯ ವಿವರಣೆಯನ್ನೂ ಅದಕ್ಕೆ ಸಲ್ಲುವ ಹಾಡನ್ನೂ ಒಂದೇ ಗ್ರಂಥದೊಳಗಿಟ್ಟುದು ಅವರ ವಿವೇಕಕ್ಕೆ ಸಾಕ್ಷಿ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು 2003ರಲ್ಲಿ ಇದನ್ನು ಇಂಗ್ಲಿಷಿಗೆ ತಂದರು. ಆದರೂ ಅಚ್ಚಿನ ಪುಟವು ಹಾಡನ್ನು ಕಾಪಾಡುವಂತೆಯೇ ಅದರ ಕಾಲವನ್ನು ಕಳೆದುಬಿಡುತ್ತದೆ. ಕಣ್ಣು ಓಡಬಲ್ಲುದು, ಕಿವಿ ಓಡಲಾರದು.

ಪಾಟ್‌ನ ಕ್ರಮವನ್ನು ಮೊದಲು ನೆನೆಯಬೇಕು. ನಾಲ್ವರು ಗಂಡಸರು ಕೈಯಲ್ಲಿ ದುಡಿ ಹಿಡಿದು ಇಬ್ಬಿಬ್ಬರಂತೆ ಸೇರುವರು. ಮೊದಲ ಜೋಡಿ ಒಂದು ಕಿರುಸಾಲನ್ನು ಹಾಡಿದರೆ ಎರಡನೆಯ ಜೋಡಿ ಅದನ್ನು ಎತ್ತಿಕೊಳ್ಳುವುದು. ನಡುವೆ ಸೊಂಟ ಸಣ್ಣಗಾದ ಆ ಪುಟ್ಟ ವಾದ್ಯದ ಪೆಟ್ಟು ಎರಡನ್ನೂ ಬೆಸೆಯುವುದು. ‘ಬಾಳೋ’ ಎಂಬ ಹರಕೆಯ ಮಾತು ಮತ್ತೆ ಮತ್ತೆ ಬರುವುದರಿಂದ ಇವಕ್ಕೆ ‘ಬಾಳೋ ಪಾಟ್’ ಎಂಬ ಹೆಸರೂ ಉಂಟು. ಎರಡನೆಯ ಜೋಡಿ ಹಾಡುತ್ತಿರುವಾಗ ಮೊದಲ ಜೋಡಿಗೆ ಮುಂದಿನ ಸಾಲನ್ನು ನೆನೆಯಲು ಬಿಡುವು ದೊರೆಯುತ್ತದೆ. ಕೇಳುವವರಿಗೆ ಹಿಂದಿನ ಸಾಲು ಮನಸ್ಸಿನಲ್ಲಿ ಊರಲು ಎಡೆಯಾಗುತ್ತದೆ. ಸಿದ್ಧವಾದ ನುಡಿಗಟ್ಟುಗಳು ಹಾಡಿನಿಂದ ಹಾಡಿಗೆ ಸಾಗಿಬರುತ್ತವೆ. ಅವುಗಳ ನಡುವೆ ಆಯಾ ಒಕ್ಕದ, ಊರಿನ, ವ್ಯಕ್ತಿಯ ಹೆಸರು ಬಂದು ಕೂಡುತ್ತದೆ. ನೀಲಗಿರಿಯ ತೋದರ ಹಾಡುಗಳನ್ನೂ ಕೊಡವ ಭಾಷೆಯನ್ನೂ ಆಳವಾಗಿ ಅಭ್ಯಸಿಸಿದ ಎಮೆನೋ ಅವರು ಇಂಥ ನುಡಿಗಟ್ಟುಗಳೇ ಮೌಖಿಕ ಕವಿಯ ಬಂಡವಾಳವೆಂಬುದನ್ನು ವಿಶದಪಡಿಸಿರುವರು.

ಇಲ್ಲಿಯೇ ವಿಮರ್ಶಕನ ಮೊದಲ ಆಕ್ಷೇಪವು ಏಳುತ್ತದೆ. ಹೇಳಿದುದನ್ನೇ ಹೇಳುವುದು ಪುನರುಕ್ತಿಯಲ್ಲವೆ? ಎರಡನೆಯ ಜೋಡಿಯ ಪಲುಕನ್ನೂ ಪಲ್ಲವಿಯ ಹರಕೆಯನ್ನೂ ಮಾಮೂಲು ನುಡಿಗಟ್ಟುಗಳನ್ನೂ ತೆಗೆದುಹಾಕಿದರೆ ಉಳಿಯುವ ಸಾರವು ಕಾಲುಭಾಗವಾದರೂ, ಕಥೆ ಕೆಡುವುದೆ? ಈ ಆಕ್ಷೇಪಕ್ಕೆ ಅಲಂಕಾರಶಾಸ್ತ್ರದಲ್ಲಿಯೇ ಸಮಾಧಾನವಿದೆ. ಪುನರುಕ್ತಿಯನ್ನು ದೋಷಗಳಲ್ಲಿ ಎಣಿಸಿದ ದಂಡಿಯೇ, ಅನುಕಂಪೆ ಮೊದಲಾದ ಭಾವಗಳ ಅತಿಶಯವನ್ನು ತಿಳಿಸಬೇಕಾದೆಡೆಯಲ್ಲಿ ಅದು ದೋಷವಲ್ಲ, ಅಲಂಕಾರವೇ ಆಗುವುದೆಂದು ‘ಕಾವ್ಯಾದರ್ಶ’ದಲ್ಲಿ ವಿನಾಯಿತಿ ಕೊಟ್ಟಿರುವನು. ಮೀಮಾಂಸಕರು ಇನ್ನೂ ಮುಂದೆ ಹೋಗಿರುವರು. ಒಂದು ಪ್ರಕರಣದ ತಾತ್ಪರ್ಯವನ್ನು ಗೊತ್ತುಮಾಡಲು ಅವರು ಹೇಳಿದ ಆರು ಲಿಂಗಗಳಲ್ಲಿ, ಉಪಕ್ರಮ ಉಪಸಂಹಾರಗಳ ಒಗ್ಗಟ್ಟಿನ ತರುವಾಯ ಬರುವುದು ಅಭ್ಯಾಸ, ಎಂದರೆ ಆವೃತ್ತಿ. ಯಾವುದು ಪದೇ ಪದೇ ಬರುವುದೋ ಅದರಲ್ಲಿಯೇ ವಾಕ್ಯಸಮೂಹದ ಒಲವಿದೆಯೆಂದು ಅವರ ನಿಶ್ಚಯ. ಆವೃತ್ತಿಯನ್ನು ಕತ್ತರಿಸಿದವನು ಕಸವನ್ನು ತೆಗೆಯಲಿಲ್ಲ. ಅರ್ಥದ ಸೂಚಿಯನ್ನೇ ತೆಗೆದನು.

ಈ ಒರೆಗಲ್ಲಿಗೆ ಪಾಟ್‌ಗಳನ್ನು ಹಚ್ಚಿ ನೋಡಬಹುದು. ಹಾಡು ದೇವರನ್ನೂ ನಾಡನ್ನೂ ನೆನೆಯುವುದರಿಂದ ತೊಡಗಿ, ನಾಡಿನಿಂದ ಒಕ್ಕಕ್ಕೆ, ಒಕ್ಕದಿಂದ ಮನುಷ್ಯನಿಗೆ ಇಳಿಯುವುದು. ಮುಗಿವಿನಲ್ಲಿ ಹರಕೆಯಾಗಿ ಮತ್ತೆ ಮೇಲೇರುವುದು. ಶ್ರೇಷ್ಠ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತ ಕೊಡಗಿನ ಹಿರಿಮೆಗೆ ಬಂದು ನಿಲ್ಲುವ ಭಾಗವನ್ನು ಆತುರದ ಶ್ರೋತೃವು ಪೀಠಿಕೆಯೆಂದು ಕಡೆಗಣಿಸುವನು. ಮೀಮಾಂಸೆಯ ಮಾತಿನಲ್ಲಿ ಅದು ಅರ್ಥವಾದ, ಮುಂದಿನ ವಿಷಯಕ್ಕೆ ಬೆಲೆ ತಂದುಕೊಡುವ ಸ್ತುತಿ. ಮದುವಣಿಗನ ಹೆಸರು ಆ ಸಾಲಿನ ಕೊನೆಯಲ್ಲಿ ಬಂದಾಗ ಅವನು ಬರಿಯ ವ್ಯಕ್ತಿಯಾಗಿ ಉಳಿಯುವುದಿಲ್ಲ. ಪೀಠಿಕೆಯನ್ನು ಬಿಟ್ಟು ಹೆಸರಿನಿಂದಲೇ ಆರಂಭಿಸಿದರೆ ಉಳಿಯುವುದು ಆಹ್ವಾನಪತ್ರಿಕೆ. ಕೊಡವರ ಮದುವೆಯ ‘ಸಮ್ಮಂಧ’ದಲ್ಲಿ ಹೆಣ್ಣಿನ ಕಡೆಯವರು 12 ಹರಳುಗಳಲ್ಲಿ 11ನ್ನು ಒಪ್ಪಿಸಿ, ತವರಿನ ಹಕ್ಕಿನ ಕುರುಹಾಗಿ ಒಂದನ್ನು ಉಳಿಸಿಕೊಳ್ಳುವ ವಾಡಿಕೆಯುಂಟು. ಎಲ್ಲ ಹರಳುಗಳನ್ನೂ ಒಮ್ಮೆಗೇ ಸುರಿದರೆ ಲೆಕ್ಕ ಸರಿಯಾದೀತು, ಕರ್ಮವು ಆಗದು. ಉಳಿದ ಒಂದರ ಅರ್ಥವು ಹನ್ನೊಂದನ್ನು ಎಣಿಸಿದುದರಿಂದಲೇ ಹುಟ್ಟಿದುದು. ಪಾಟ್‌ನ ಸಾಲುಗಳೂ ಇಂತಹವೇ. ಸಾವಿನ ಹಾಡಿನಲ್ಲಂತೂ ಈ ನಿಧಾನವು ಶೋಕಕ್ಕೆ ಅವಧಿಯನ್ನು ಒದಗಿಸುತ್ತದೆ. ಅಲ್ಲಿ ದಂಡಿಯ ಅನುಕಂಪೆಯ ಮಾತು ಅಕ್ಷರಶಃ ಸಲ್ಲುತ್ತದೆ.

ಹೀಗೆಂದು ಎಲ್ಲ ಗಾನಕ್ಕೂ ಒಂದೇ ನಿಯಮವನ್ನು ವಿಧಿಸಲಾಗದು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’ ಕನ್ನಡಿಗರಿಗೆ ಕೊಡಗನ್ನು ಪರಿಚಯಿಸಿದ ಕವಿತೆ. ಅದು ತನ್ನಲ್ಲಿ ತಾನು ಪೂರ್ಣ, ನೆರೆಯ ಕವಿತೆಯ ಊರೆಗೋಲು ಅದಕ್ಕೆ ಬೇಡ. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿ ಹೊರಬಂದ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಅದನ್ನು ಬಿಡದೆ ಕೇಳುವಂತೆ ಮಾಡುವುದು ಕವಿಯೊಬ್ಬನ ಮನೋಧರ್ಮದ ಏಕತೆ; ಆದರೂ ಒಂದು ಗೀತೆಯನ್ನು ಬೇರೆಯಾಗಿ ಕೇಳಿದರೆ ಅದಕ್ಕೆ ಹಾನಿಯಿಲ್ಲ. ಇವು ಹಾರದ ಮುತ್ತುಗಳು. ಪಾಟ್‌ನ ಭಾಗಗಳಾದರೋ ಏಣಿಯ ಮೆಟ್ಟಲುಗಳು.

ಸಮಗ್ರವಾಗಿ ಕೇಳಿದುದರಿಂದ ಪಾಂಡಿತ್ಯಕ್ಕೇ ಆದ ಲಾಭಕ್ಕೆ ನೆರೆಯ ತುಳುನಾಡು ನಿದರ್ಶನ. ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರೊಡಗೂಡಿ 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಇಡಿಯಾಗಿ ಧ್ವನಿಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಅದರ ಗಾತ್ರವು 15,683 ಸಾಲು. ಬಿಡಿ ತುಣುಕುಗಳಲ್ಲಿ ಕಥೆಯಾಗಿ ತೋರುವುದು ಇಡಿಯಲ್ಲಿ ಮಹಾಕಾವ್ಯವಾಗಿ ನಿಂತಿತು. ಗಾಯಕನ ಕಾಲವನ್ನು ಸಂಗ್ರಹಕಾರನು ಗೌರವಿಸಿದುದೇ ಇದಕ್ಕೆ ಕಾರಣ.

ಇನ್ನೊಂದು ಆಕ್ಷೇಪವನ್ನು ಮರೆಮಾಚತಕ್ಕುದಲ್ಲ. ದೈರ್ಘ್ಯವೇ ಗುಣವಲ್ಲ. ಗಾಯಕನಿಗೆ ನೆನಪು ಸಾಲದೆಡೆ ಮಾಮೂಲು ನುಡಿಗಟ್ಟು ಬರಿಯ ತೇಪೆಯಾಗುವುದುಂಟು. ಒಂದು ಹಾಡಿನ ಪೀಠಿಕೆಯನ್ನೇ ಹತ್ತು ಹಾಡುಗಳಲ್ಲಿ ಓದುವವನು ದಣಿಯುವುದೂ ಸಹಜ. ಆದರೆ ಪುಸ್ತಕದಲ್ಲಿ ಹತ್ತು ಹಾಡುಗಳು ಒಂದರ ಬೆನ್ನಿಗೊಂದು ನಿಂತಿವೆ, ಬಾಳಿನಲ್ಲಿ ಹಾಗಲ್ಲ. ಪುತ್ತರಿ ವರ್ಷಕ್ಕೊಮ್ಮೆ, ಮದುವೆ, ಮರಣಗಳು ತಮ್ಮ ಕಾಲಕ್ಕೆ. ಆದುದರಿಂದ ಸಮಗ್ರ ಶ್ರವಣವೆಂದರೆ ಸಂಪುಟವನ್ನು ಒಂದೇ ಕೂರಿಕೆಯಲ್ಲಿ ಮುಗಿಸುವುದಲ್ಲ. ಒಂದು ಹಾಡನ್ನು ಅದರ ಸಂದರ್ಭದೊಡನೆ, ಅದರ ವೇಗದಲ್ಲಿ, ತುದಿಮುಟ್ಟ ಕೇಳುವುದು.

ಈ ಚರ್ಚೆ ಕೇವಲ ಶಾಸ್ತ್ರವಿನೋದವಲ್ಲ. ಕೊಡವ ಭಾಷೆಯನ್ನು ಮಾತೃಭಾಷೆಯೆಂದು ಹೇಳಿದವರ ಸಂಖ್ಯೆ 2001ರ ಜನಗಣತಿಯಲ್ಲಿ 1,66,187, 2011ರಲ್ಲಿ 1,13,857. ಮಾತು ಬಲ್ಲವರೇ ಕಡಮೆಯಾಗುವೆಡೆ ಹಾಡನ್ನು ಪೂರ್ಣವಾಗಿ ಬಲ್ಲ ನಾಲ್ವರನ್ನು ಒಂದೆಡೆ ಕೂಡಿಸುವುದು ದಿನದಿನಕ್ಕೆ ಕಷ್ಟವಾಗುವುದು. ಐನ್‌ಮನೆಯ ಅಂಗಳದಿಂದ ಕಲ್ಯಾಣಮಂಟಪಕ್ಕೆ ಬಂದ ಮದುವೆಯಲ್ಲಿ ಹಾಡಿಗೆ ದೊರೆಯುವ ಹೊತ್ತು ಕಿರಿದು. ಮುದ್ರಣಕ್ಕಾಗಿ ಕೆಲವು ನಿಮಿಷಗಳಿಗೆ ಇಳಿಸಿದ ರೂಪವೇ ಮುಂದಿನ ತಲೆಮಾರಿಗೆ ಮೂಲವೆಂದು ತೋರುವ ಭಯವುಂಟು. ಮೂರು ನಿಮಿಷದ ತಟ್ಟೆಯು ಗಾಯಕರನ್ನು ಅವಸರಪಡಿಸಿದುದಕ್ಕೆ ಯಂತ್ರದ ಕೊರತೆ ಕಾರಣವಾಗಿತ್ತು. ಗಂಟೆಗಟ್ಟಲೆ ನುಡಿಯನ್ನು ಸುಲಭವಾಗಿ ಹಿಡಿದಿಡುವ ಇಂದಿನ ಸಾಧನಗಳ ಮುಂದೆ ಆ ನೆಪವು ಉಳಿದಿಲ್ಲ.

ಮಾಡತಕ್ಕುದು ಎರಡು. ಪಾಟ್‌ಗಳನ್ನು ಧ್ವನಿಮುದ್ರಿಸುವವರು ಎರಡನೆಯ ಜೋಡಿಯ ಪಲುಕನ್ನು ಕತ್ತರಿಸದೆ, ಒಕ್ಕದ ಹೆಸರನ್ನೂ ಸಂದರ್ಭವನ್ನೂ ಗುರುತುಮಾಡಿ, ಒಂದೊಂದು ಹಾಡಿನ ಪೂರ್ಣರೂಪವನ್ನು ಸಂಗ್ರಹಿಸಬೇಕು. ಉಪಾಧ್ಯಾಯರು ಹತ್ತು ಹಾಡುಗಳ ಹತ್ತು ಸಾಲನ್ನು ಪಾಠಮಾಡುವ ಬದಲು, ವರ್ಷಕ್ಕೆ ಒಂದೇ ಹಾಡನ್ನಾದರೂ ಮಕ್ಕಳಿಗೆ ಆದ್ಯಂತವಾಗಿ ಕೇಳಿಸಬೇಕು. ಮೊದಲ ಸಲ ಬೇಸರವಾದೀತು. ‘ಬಾಳೋ’ ಎಂಬ ಮಾತು ಎಷ್ಟನೆಯ ಸಲಕ್ಕೆ ಪಲ್ಲವಿಯಾಗಿರುವುದನ್ನು ಬಿಟ್ಟು ಹರಕೆಯಾಯಿತೆಂಬುದನ್ನು ಆ ಮಕ್ಕಳೇ ಗುರುತಿಸುವರು.