ಮನಸ್ಸು ಮರೆತುದು, ಮೈ ಮರೆಯದುದು

ಕಾಳಿದಾಸನ ಶಾಕುಂತಲದಲ್ಲಿ ಮಾತಿಗೆ ಮುನ್ನ ಮೈಯೇ ನುಡಿಯುವುದನ್ನು ರಸಿಕರು ಬಲ್ಲರು. ದುಷ್ಯಂತನನ್ನು ಅಗಲಿ ಹೊರಟ ಶಕುಂತಲೆ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾಳೆ, ದರ್ಭೆ ಚುಚ್ಚಿತೆನ್ನುತ್ತಾಳೆ. ಕಾಲು ನಿಂತ ಮೇಲೆ ನೆಪ ಹುಟ್ಟಿತಲ್ಲದೆ ನೆಪಕ್ಕಾಗಿ ಕಾಲು ನಿಲ್ಲಲಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಐದನೆಯ ಅಂಕದ ಆರಂಭ. ಶಾಪದಿಂದ ಎಲ್ಲವನ್ನೂ ಮರೆತಿರುವ ದೊರೆಗೆ ಅಂತಃಪುರದಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಪ್ರಿಯಜನರ ಅಗಲಿಕೆಯಿಲ್ಲದಿದ್ದರೂ ಅವನ ಮನಸ್ಸು ಕಳವಳಗೊಳ್ಳುತ್ತದೆ. ರಸಾನುಭವವನ್ನು ವಿವರಿಸುವಾಗ ಅಭಿನವಗುಪ್ತನು ಈ ಸಂದರ್ಭದ ಶ್ಲೋಕವನ್ನೇ ಉದಾಹರಿಸಿ, ಇಲ್ಲಿಯ ಸ್ಮೃತಿಯು ತಾರ್ಕಿಕರು ಹೇಳುವ ಸ್ಮೃತಿಯಲ್ಲವೆಂದನು. ಆದರೆ ದೊರೆ ಮಾಡಿದುದೇನು? ಜನ್ಮಾಂತರದ ಸ್ನೇಹವಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡನು. ಅಷ್ಟರಲ್ಲಿ ಕಂಚುಕಿ ಬಂದನು, ಶಕುಂತಲೆಯೂ ಬಂದಳು, ನಿರಾಕೃತಳಾದಳು.

ಹೊರಗಿನ ಸೂಚನೆಯೊಂದು ಅರಿವಿಗೆ ಬಾರದೆಯೇ ನಡೆಯನ್ನು ಬದಲಿಸೀತೇ ಎಂಬುದನ್ನು ಈಚಿನ ಮನಶ್ಶಾಸ್ತ್ರವೂ ಪರೀಕ್ಷಿಸಿದೆ. ಮುಪ್ಪನ್ನು ಸೂಚಿಸುವ ಪದಗಳನ್ನು ಓದಿದ ತರುಣರ ನಡಿಗೆ ನಿಧಾನವಾಯಿತೆಂದು 1996ರಲ್ಲಿ ಅಮೆರಿಕದ ಜಾನ್ ಬಾರ್ಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಬೆಲ್ಜಿಯಂನ ವಿದ್ವಾಂಸರು ಯಂತ್ರದಿಂದ ಕಾಲವನ್ನಳೆದು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪರೀಕ್ಷಕರೇ ನಿಧಾನವನ್ನು ನಿರೀಕ್ಷಿಸಿದ್ದಾಗ ಮಾತ್ರ ಆ ಫಲ ಕಂಡಿತು. ಸುಪ್ತ ಸಂಸ್ಕಾರವು ಮನುಷ್ಯನನ್ನು ಬೊಂಬೆಯಂತೆ ಆಡಿಸುತ್ತದೆಂದು ಒಡನೆಯೇ ನಂಬುವುದು ಉಚಿತವಲ್ಲ.

ಕವಿಯಾದರೋ ಹಾಗೆಂದು ಹೇಳಲೇ ಇಲ್ಲ. ಹಾಡು ದೊರೆಯನ್ನು ಕಲಕಿತು, ಆದರೆ ಅವನ ತೀರ್ಪನ್ನು ತಿದ್ದಲಿಲ್ಲ. ಶಕುಂತಲೆ ಹೋದ ಮೇಲೂ ನೆನಪಿಲ್ಲವೆನ್ನುತ್ತಾನೆ. ನೋಯುವ ಹೃದಯ ಮಾತ್ರ ಅವಳ ಮಾತನ್ನು ನಂಬಿಸುವಂತಿದೆ ಎನ್ನುತ್ತಾನೆ. ಒಳಗಿನ ಸಾಕ್ಷಿ ಸುಮ್ಮನಿರಲಿಲ್ಲ. ಅದನ್ನು ವಿಚಾರಣೆಗೆ ಕರೆಯುವ ತಾಳ್ಮೆ ದೊರೆಗಿರಲಿಲ್ಲ.

ಮಹಾಭಾರತದ ದುಷ್ಯಂತನಿಗೆ ಶಾಪವಿಲ್ಲ, ನೆನಪಿದ್ದೂ ಇಲ್ಲವೆನ್ನುತ್ತಾನೆ. ನಾಯಕನ ಕಳಂಕವನ್ನು ತೊಳೆಯಲೆಂದೇ ಕಾಳಿದಾಸನು ಶಾಪವನ್ನು ತಂದನೆಂದು ಹೇಳುವುದುಂಟು. ಅದು ಅರ್ಧಸತ್ಯ. ಏಳನೆಯ ಅಂಕದಲ್ಲಿ ಮಾರೀಚನು ಶಾಪದ ವೃತ್ತಾಂತವನ್ನು ತಿಳಿಸಿದಾಗ ದೊರೆ ಅಪವಾದ ಕಳೆಯಿತೆಂದು ನಿಟ್ಟುಸಿರುಬಿಡುತ್ತಾನೆ, ನಿಜ. ಆದರೆ ಅದಕ್ಕೂ ಮೊದಲೇ, ಶಾಪದ ಸಂಗತಿ ತನಗಿನ್ನೂ ತಿಳಿಯದಿದ್ದಾಗ, ಅವನು ಶಕುಂತಲೆಯ ಕಾಲಿಗೆ ಬಿದ್ದಿದ್ದನು. ಮೊದಲ ಅಂಕದಲ್ಲಿ ನೆಪಕ್ಕೆ ಮುಂಚೆ ಅವಳ ಕಾಲು ನಿಂತಿತು. ಕಡೆಯ ಅಂಕದಲ್ಲಿ ನೆಪಕ್ಕೆ ಮುಂಚೆ ಅವನ ತಲೆ ಬಾಗಿತು. ಸಹೃದಯನು ಅವನನ್ನು ಕ್ಷಮಿಸುವುದು ಶಾಪದ ಬಲದಿಂದಲ್ಲ, ಈ ನಮಸ್ಕಾರದ ಬಲದಿಂದ.